ಮಾಸ್ತರರ ಬ್ರಷ್

೧೯೯೬ರಲ್ಲಿ, ಆರನೇ ಇಯತ್ತೆ ಅರ್ಧಕ್ಕೆ ಬಿಟ್ಟು, ನಾನು ಗೌಂಡಿ ಕೆಲಸಕ್ಕೆ ಬಿದ್ದೆ. ಅಲ್ಲಿಂದ ಇಲ್ಲಿತನಕ ಇಂಡಿ, ಸಿಂದಗಿ, ಬಾಗೇವಾಡಿ ಕಡೆ ಎಷ್ಟು ಬಚ್ಚಲಮನೆಗೆ ಟೈಲ್ಸ್ ಕೂಡಿಸಿದೆನೋ ನನಗೇ ನೆನಪಿಲ್ಲ. ನಾನು ಮಾಡಿದ ನೆಲದ ಮೇಲೆ ನೀರು ಸುರಿದರೆ ಅದು ಯಾರನ್ನೂ ದಾರಿ ಕೇಳದೆ ಮೋರಿಗೆ ಹೋಗುತ್ತದೆ. ಇದನ್ನು ಯಾವ ಸಾಲಿಯೂ ಕಲಿಸಿದ್ದಲ್ಲ.

ನಮ್ಮ ಕೆಲಸಕ್ಕೆ ಹಲ್ಲು ತಿಕ್ಕುವ ಹಳೇ ಬ್ರಷ್ ಬೇಕೇ ಬೇಕು. ಟೈಲ್ಸ್ ಸಂದಿಗೆ ಮೆತ್ತಿದ ಸಿಮೆಂಟು ಬಿಡಿಸಲು ಅದನ್ನು ಆಸಿಡ್ಡಿನಲ್ಲಿ ಅದ್ದಿ ತಿಕ್ಕುತ್ತೇವೆ. ಕೆಲಸದ ಮನೆಯಲ್ಲೇ ಒಗೆದ, ಅಂದರೆ ಬೇಡವೆಂದು ಬಿಸಾಡಿದ, ಬ್ರಷ್ ಹುಡುಕಿಕೊಳ್ಳುವುದು ರೂಢಿ.

ಹೋದ ವರ್ಷ ಸಿಂದಗಿಯಲ್ಲಿ ಒಬ್ಬ ಮಾಸ್ತರರ ಬಚ್ಚಲು ಹಿಡಿದಿದ್ದೆ. ಕೆಲಸ ಚಲೋ ಆದರೆ ಮುದ್ದೇಬಿಹಾಳದಲ್ಲಿ ಅವರ ತಮ್ಮನ ಮನೆಯ ಎರಡು ಬಚ್ಚಲೂ ನನಗೇ ಎಂದಿದ್ದರು. ಮಾಸ್ತರರು ಬಹಳ ಸ್ವಚ್ಛದ ಮನುಷ್ಯ. ನಾನು ಚಹಾ ಕುಡಿಯುವಾಗಲೂ ಪಾಠ.

"ಬ್ರಷ್ ತೊಳದು, ನೀರು ಝಾಡಿಸಿ, ನೆಟ್ಟಗ ನಿಂದ್ರಸಬೇಕಪಾ. ಹಸೀದ್ದಾಗ ಟೊಪಗಿ ಹಾಕಿದ್ರ ಒಳಗ ಕ್ರಿಮಿ ಬೆಳೀತಾವ. ನೀ ಸಾಲಿ ಕಲಿತಿದ್ರ ಗೊತ್ತಿರ್ತಿತ್ತು."

"ನಾ ಬೇವಿನ ಕಡ್ಡೀಲೆ ತಿಕ್ಕೂದ್ರಿ. ತಿಕ್ಕೂದು, ಒಗಿಯೂದು. ಅದಕ್ಕ ಯಾರೂ ಟೊಪಗಿ ಹೊಲದಿಲ್ಲ," ಎಂದೆ.

ಕೊನೆಯ ದಿನ ಬಚ್ಚಲ ಕಿಟಕಿಯಲ್ಲಿ ಒಂದು ಬ್ರಷ್ ಕಂಡಿತು. ಕೂದಲು ನಾಲ್ಕೂ ದಿಕ್ಕಿಗೆ ಮಲಗಿತ್ತು, ಬುಡವೆಲ್ಲ ಹಳದಿ. ಒಗೆದದ್ದೇ ಎಂದು ತಿಳಿದು ಆಸಿಡ್ಡಿನಲ್ಲಿ ಅದ್ದಿ, ಸಂಡಾಸದ ಬುಡದ ತನಕ ತಿಕ್ಕಿ, ಕಿಟಕಿಯಲ್ಲೇ ಒರಗಿಸಿದೆ.

ಮಧ್ಯಾಹ್ನ ಉಂಡು ಬಂದ ಮಾಸ್ತರರು ಅದನ್ನೇ ತೆಗೆದುಕೊಂಡು ಪೇಸ್ಟ್ ಒತ್ತಿದರು. ಸುಮ್ಮನಿದ್ದರೆ ಅವರ ಬಾಯಿ ಸುಡುತ್ತದೆ, ಹೇಳಿದರೆ ಮುದ್ದೇಬಿಹಾಳ ಹೋಗುತ್ತದೆ. ಒಂದು ಗಳಿಗೆ ಯೋಚನೆ ಮಾಡಿದೆ. ಅದನ್ನು ಮುಚ್ಚಿಡುವುದಿಲ್ಲ.

"ಸರ್, ಬಾಯಾಗ ಇಡಬ್ಯಾಡ್ರಿ. ಅದಕ್ಕ ಆಸಿಡ್ ಹತ್ತೈತಿ."

"ನನ್ನ ಬ್ರಷ್ ಮುಟ್ಟಿದೀ?"

"ಒಗದದ್ದು ಅಂತ ತಿಳಕೊಂಡ್ನಿರಿ."

"ದಿನಾ ತಿಕ್ಕೂ ಬ್ರಷ್ ಅದು. ಕಣ್ಣು ಕಾಣೂದಿಲ್ಲೇನು?"

ಅಡುಗೆಮನೆಯಿಂದ ಅವರ ಹೆಂಡತಿ ಉತ್ತರ ಕೊಟ್ಟರು. "ಕಾಣ್ತಾವ ಅಂತನ ಹಂಗ ತಿಳ್ಕೊಂಡಾನ. ಅದನ್ನ ಒಗೀರಿ ಅಂತ ನಾ ಎರಡು ವರ್ಷದಿಂದ ಹೇಳಾಕತ್ತೇನಿ."

"ಕೂದಲಾ ಬಾಗಿದ್ರೇನಾತು, ಸ್ವಚ್ಛ ಐತಿ."

"ಹಂಗಾರ ತಿಕ್ಕೋರಿ."

ಮಾಸ್ತರರು ತಿಕ್ಕಲಿಲ್ಲ. ಮುದ್ದೇಬಿಹಾಳದ ಬಚ್ಚಲು ಬೇರೆ ಗೌಂಡಿಗೆ ಹೋದವು. ಅಲ್ಲಿ ಈಗ ಪಾದ ಮುಳುಗುವಷ್ಟು ನೀರು ನಿಲ್ಲುತ್ತದೆ ಎಂದು ಕೇಳಿದೆ. ದುಃಖವೇನೂ ಆಗಲಿಲ್ಲ.

ಅಂದಿನಿಂದ ಬ್ರಷ್ಷನ್ನು ಮನೆಯವರಿಗೆ ಕೇಳಿಯೇ ಇಸಿದುಕೊಳ್ಳುತ್ತೇನೆ. ಎಷ್ಟು ಕಲಿತವರೇ ಆಗಲಿ ಮತ್ತೆ ಬಾಯಿಗೆ ಇಟ್ಟುಕೊಳ್ಳಬಾರದೆಂದು ಅವರೆದುರಿಗೇ ಹಿಡಿಕೆ ಮುರಿಯುತ್ತೇನೆ. ಈಗ ನನ್ನ ಚೀಲದಲ್ಲಿ ಎರಡು ಕರಣಿ, ಒಂದು ಟೈಲ್ಸ್ ಕಟರ್, ಹಿಡಿಕೆ ಮುರಿದ ಏಳು ಬ್ರಷ್ ಇವೆ. ಬಾಯಲ್ಲಿ, ಬೇವಿನ ಕಡ್ಡಿಯಲ್ಲೇ ತಿಕ್ಕಿದ ಮೂವತ್ತೊಂದು ಹಲ್ಲು.