ಕಾವಿ ಚಪ್ಪರದ ಕೆಳಗಿನ ಕೆಂಪು

ಜಮಖಂಡಿಯ ದೊಡ್ಡ ಪೇಟೆ ನೋಡಬೇಕೆಂಬ ಆಸೆ ನನಗೆ ಮೊದಲಿನಿಂದಲೂ ಇತ್ತು. ಆದರೆ ನೋಡಿದ ದಿನ ಕಣ್ಣು ಬೀದಿಯ ಮೇಲೆ ಇರಲೇ ಇಲ್ಲ. ಎಡಗೈ ಬಳೆಗೆ ಕಟ್ಟಿಕೊಂಡಿದ್ದ ಗೇಣುದ್ದದ ಕೆಂಪು ಎಳೆಯ ಮೇಲೆಯೇ ಇತ್ತು. ಅದು ಎಲ್ಲಿ ಬಿಚ್ಚಿ ಬೀಳುತ್ತದೋ, ಬೆವರಿಗೆ ಎಲ್ಲಿ ಬಣ್ಣ ಬಿಡುತ್ತದೋ ಎಂದು ಹೆಜ್ಜೆಗೊಮ್ಮೆ ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ನಮ್ಮದು ರಬಕವಿಯ ನೇಕಾರರ ಮನೆ. ಅಕ್ಕನ ಮದುವೆಗೆ ಆರು ದಿನ ಉಳಿದಿತ್ತು. ನಮ್ಮ ಮನೆಯ ಹೆಣ್ಣುಮಕ್ಕಳು ಧಾರೆಗೆ ಉಡುವ ಸೀರೆ ಮನೆಯ ಮಗ್ಗದ ಮೇಲೆಯೇ ಆಗಬೇಕು, ಅದೂ ಅಪ್ಪನ ಕೈಯಿಂದಲೇ. ಒಡಲು ಮುಗಿದಿತ್ತು. ಕೆಂಪು ರೇಷ್ಮೆಯ ಸೆರಗು ಅರ್ಧಕ್ಕೆ ನಿಂತಿತ್ತು. ಹೊಕ್ಕಿಗೆ, ಅಂದರೆ ಅಡ್ಡ ಹೊಡೆಯುವುದಕ್ಕೆ, ನೂಲು ಸಾಲದಾಗಿತ್ತು. ಲಾಳಿಗೆ ಹಾಕುವ ನೂಲಿನ ಕಂಡಿಕೆ ಎರಡು ಮಾತ್ರ ಉಳಿದಿದ್ದವು.

"ಅಳತಿ ತಪ್ಪಿದ್ನೇನಪಾ ನಾನು? ಇಷ್ಟ ವರ್ಷದಾಗ ಒಮ್ಮೆನೂ ತಪ್ಪಿಲ್ಲ," ಎಂದು ಅಪ್ಪ ತಲೆ ಮೇಲೆ ಕೈ ಹೊತ್ತು ಮಗ್ಗದ ಕುಣಿಯಲ್ಲಿ ಕೂತಿದ್ದ.

ಅಪ್ಪನ ಅಳತೆ ತಪ್ಪಿರಲಿಲ್ಲ. ಒಂದು ಲಡಿ ನೂಲನ್ನು, ಒಂದು ಇಡೀ ಸುರುಳಿಯನ್ನು, ನಾನು ಕೆಡಿಸಿದ್ದೆ. ನನಗೆ ಬಣ್ಣದ ಹುಚ್ಚು. ಯಾರೂ ಕಲಿಸಿದ್ದಲ್ಲ. ಬಣ್ಣಗಾರರ ಹಂಡೆಗಳ ಹತ್ತಿರ ನಿಂತು ನೋಡಿ ನೋಡಿ ಕಲಿತದ್ದು. ಹಳೆಯ ನೋಟುಬುಕ್ಕಿನ ತುಂಬ ಎಳೆಗಳನ್ನು ಅಂಟಿಸಿ ಪಕ್ಕದಲ್ಲಿ ನಾನೇ ಹೆಸರು ಬರೆದಿಟ್ಟಿದ್ದೆ: ದಾಳಿಂಬೆ ಕಾಳು, ಗುಲಗಂಜಿ, ಹೊಸ ಹಂಚು, ಹೀಗೆ. ಮಹಾಯುದ್ಧ ಶುರುವಾದ ಮೇಲೆ ಪರದೇಶದ ಬಣ್ಣದ ಡಬ್ಬಿಗಳು ಬರುವುದು ನಿಂತಿತ್ತಲ್ಲ, ಮನೆಯ ಸಾಮಾನಿನಲ್ಲೇ ಕೆಂಪನ್ನು ಇನ್ನಷ್ಟು ಗಾಢ ಮಾಡಿ ತೋರಿಸುತ್ತೇನೆ ಎಂದು ಹೊರಟೆ. ಅಳಲೆಕಾಯಿ ನೀರನ್ನು ಕಬ್ಬಿಣದ ಬೋಗುಣಿಯಲ್ಲಿ ಕಾಯಿಸಿ ಲಡಿ ಅದ್ದಿದೆ. ಹೊರಗೆ ತೆಗೆದಾಗ ಅಳಲೆ ಕಬ್ಬಿಣಕ್ಕೆ ಸೇರಿ ಅದು ಕಾಗೆಯ ಬಣ್ಣಕ್ಕೆ ತಿರುಗಿತ್ತು. ಹಿತ್ತಲಲ್ಲಿ ಒಣಗಿಸಿ, ಅಡಗಿಸಿ, ಬಾಯಿ ಮುಚ್ಚಿಕೊಂಡು ಕೂತೆ.

ಗಂಡಿನ ಕಡೆಯವರು ಮಹಾಲಿಂಗಪುರದವರು, ಅವರೂ ನೇಕಾರರೇ. ಮದುವೆಯಲ್ಲಿ ಗಂಡಿನ ಸೋದರತ್ತೆ ಸೆರಗನ್ನು ಕೈಯಲ್ಲಿ ಹಿಡಿದು ನೋಡಿಯೇ ನೋಡುತ್ತಾಳೆ. ನಡುವೆ ಬೇರೆ ಕೆಂಪು ಸೇರಿ ಪಟ್ಟಿ ಬಿದ್ದರೆ ಅದನ್ನು ನಮ್ಮ ಕಡೆ ಮುರಿದ ಸೆರಗು ಎನ್ನುತ್ತಾರೆ. ಮುರಿದ ಸೆರಗು ಉಟ್ಟು ಬಂದವಳು ಎಂಬ ಮಾತನ್ನು ಅಕ್ಕ ಆ ಮನೆಯಲ್ಲಿ ಎಷ್ಟು ವರ್ಷ ಕೇಳಬೇಕಾಗುತ್ತಿತ್ತೋ!

ರಬಕವಿ, ಬನಹಟ್ಟಿ ಎರಡೂ ಕಡೆ ಆ ಕೆಂಪು ಸಿಗಲಿಲ್ಲ. ಅಪ್ಪ ಮಗ್ಗ ಬಿಟ್ಟು ಏಳುವ ಹಾಗಿರಲಿಲ್ಲ. "ಬಣ್ಣದ ಕಣ್ಣು ಈಕಿಗೆ ಛಲೋ ಐತಿ, ಈಕಿನ್ನ ಕಳಸು. ನಾ ಜೋಡಿ ಹೊಕ್ಕೀನಿ," ಎಂದಳು ಆಯಿ. ಅಪ್ಪನ ಅವ್ವ, ನಮಗೆಲ್ಲ ಆಯಿ. ಅವಳ ಎರಡೂ ಕಣ್ಣಿಗೆ ಪೊರೆ ಬಂದಿತ್ತು.

ಪೆಟ್ರೋಲು ಸಿಗದ ಆ ದಿನಗಳ ಇದ್ದಲಿನ ಗ್ಯಾಸಿನ ಮೋಟಾರು ಬಸ್ಸು ಕೆಮ್ಮುತ್ತ ಕೆಮ್ಮುತ್ತ ಜಮಖಂಡಿ ಮುಟ್ಟಿದಾಗ ಹೊತ್ತು ನೆತ್ತಿಯ ಹತ್ತಿರ ಬಂದಿತ್ತು. ಊಟ ಮಾಡಿ ಬಂದ ಕೂಡಲೇ ಹೊರಡುತ್ತೇನೆ, ಯಾರಿಗೂ ಕಾಯುವುದಿಲ್ಲ ಎಂದ ಡ್ರೈವರ್.

ಪೇಟೆ ಬೀದಿಗೆ ಕಾಲಿಟ್ಟರೆ ತಲೆಯ ಮೇಲೆ ಆಕಾಶವೇ ಇಲ್ಲ! ಬೇಸಿಗೆಯ ಬಿಸಿಲಿಗೆಂದು ಈ ಸಾಲಿನ ಅಂಗಡಿಯಿಂದ ಆ ಸಾಲಿನ ಅಂಗಡಿಯವರೆಗೆ ಬಟ್ಟೆಯ ಚಪ್ಪರ ಎಳೆದಿದ್ದರು. ಧೂಳು ಕಾಣಬಾರದೆಂದು ಅದನ್ನು ಕೆಮ್ಮಣ್ಣಿನಲ್ಲಿ ಅದ್ದಿದ್ದರು. ಅದರ ಕೆಳಗೆ ಕಟ್ಟಿಗೆಯ ಕಂಬದ ಕಟ್ಟೆಗಳು, ಮೇಲಿನ ಮಾಳಿಗೆಯಲ್ಲಿ ಕೆತ್ತನೆಯ ಕಟಕಟೆ, ಅಂಗಡಿಯ ಹೆಸರು ಬರೆದ ಮರಾಠಿ ಅಕ್ಷರದ ಪಾಟಿಗಳು. ತಾಮ್ರದ ಕೊಡ, ಬಳೆಯ ಮಲಾರ, ಹೊಸ ಸೈಕಲ್ಲು, ಚಹಾದ ಹೊಗೆ, ನಡುವೆ ಗಂಟೆ ಬಾರಿಸುತ್ತ ಒಂದು ಟಾಂಗಾ. ಬೇರೆ ದಿನವಾಗಿದ್ದರೆ ಒಂದೊಂದು ಅಂಗಡಿಗೆ ಒಂದೊಂದು ತಾಸು ನಿಲ್ಲುತ್ತಿದ್ದೆ. ಅವತ್ತು ಆಯಿಯ ಕೈ ಹಿಡಿದು ಓಡುವುದೊಂದೇ ಆಯಿತು.

"ಲೇ ಹುಡುಗಿ, ಎಮ್ಮಿ ಎಳದಂಗ ಎಳೀಬ್ಯಾಡ. ರೇಷ್ಮಿ ಏನ ಓಡಿ ಹೊಕ್ಕೈತಿ?"

"ಮೋಟಾರು ಓಡಿ ಹೊಕ್ಕೈತಿ ಆಯಿ!"

ಮೂರು ಅಂಗಡಿಗಳಲ್ಲಿ ಇಲ್ಲ ಎಂದರು. ನಾಲ್ಕನೆಯದರಲ್ಲಿ ಒಬ್ಬ ಹಿರಿಯ ಗಾದಿಯ ಮೇಲೆ ಕೂತು ಬೀಸಣಿಗೆ ಬೀಸಿಕೊಳ್ಳುತ್ತಿದ್ದ. ನನ್ನ ಬಳೆಗೆ ಕಟ್ಟಿದ್ದ ನಮ್ಮ ಸೆರಗಿನ ಎಳೆ ನೋಡಿ ಒಳಗಿನಿಂದ ನಾಲ್ಕು ಕೆಂಪು ಲಡಿ ತಂದಿಟ್ಟ. ಮನೆಯಲ್ಲಿ ಅಪ್ಪ ಯಾವಾಗಲೂ ಹೇಳುವ ಮಾತು ಒಂದೇ: ಬಣ್ಣವನ್ನು ಒಳಗೆ ನೋಡಬೇಡ, ಬಾಗಿಲಿಗೆ ಒಯ್ದು ನೋಡು. ಮಗ್ಗದ ಮನೆ ಕತ್ತಲು, ನಮ್ಮ ಬಾಗಿಲಿನಾಚೆ ಬಿಸಿಲು. ಅದೇ ರೂಢಿಯಂತೆ ನಾನು ಲಡಿಗಳನ್ನು ಬಾಗಿಲಿಗೆ ಒಯ್ದು, ಕಟ್ಟೆಯ ಅಂಚಿನಲ್ಲಿ ನಿಂತು ಎಳೆಯನ್ನು ಒಂದೊಂದರ ಮೇಲೂ ಇಟ್ಟು ನೋಡಿದೆ. ಮೂರನೆಯದರ ಮೇಲೆ ಇಟ್ಟಾಗ ಎಳೆ ಮಾಯವಾಯಿತು! ಅಷ್ಟು ಒಂದೇ ಆಗಿತ್ತು. ನನಗೆ ಅಳುವೇ ಬಂದುಬಿಟ್ಟಿತು.

"ಬಿಸಲಾಗ ಹಿಡದ ನೋಡಿದೇನವಾ?" ಎಂದಳು ಆಯಿ.

"ಬಾಗಲದಾಗ ನಿಂತ ನೋಡೇನಿ ಬೇ. ಅದ ಐತಿ. ಖರೇನ ಅದ ಐತಿ."

ಅವಸರದಲ್ಲಿ ಕೊಂಡು, ಸೆರಗಿನಲ್ಲಿ ಕಟ್ಟಿಕೊಂಡು ಹೊರಟೆವು. ಬೀದಿ ಮುಗಿಯಿತು, ಚಪ್ಪರವೂ ಮುಗಿಯಿತು. ಮೋಟಾರು ನಿಲ್ಲುವ ಬಯಲಿಗೆ ಬಂದು, ಸುಮ್ಮನೆ ಖುಷಿಗೆ ಇನ್ನೊಮ್ಮೆ ನೋಡೋಣ ಎಂದು ಗಂಟು ಬಿಚ್ಚಿದೆ. ಸುಡುವ ಬಿಸಿಲು. ನನ್ನ ಬಳೆಯ ಎಳೆ ದಾಳಿಂಬೆ ಕಾಳಿನ ಕೆಂಪು, ಕೈಯಲ್ಲಿದ್ದ ಲಡಿ ಹೊಸ ಹಂಚಿನ ಕೆಂಪು. ಕುರುಡರೂ ಬೇರೆ ಎನ್ನಬೇಕು, ಅಷ್ಟು ಬೇರೆ.

ಬಾಗಿಲು ಅಂದುಕೊಂಡು ನಾನು ನಿಂತದ್ದು ಕೆಮ್ಮಣ್ಣಿನ ಚಪ್ಪರದ ಕೆಳಗೆ. ಅಲ್ಲಿ ಬೆಳಕೇ ಕೆಂಪಾಗಿತ್ತು!

"ಏನಾತ? ಬಾಯಿ ಬಿಟ್ಟ ಹೇಳು," ಎಂದಳು ಆಯಿ.

"ಇದು ಅದಲ್ಲ ಆಯಿ."

ಆಯಿ ಬೈಯಲಿಲ್ಲ. ಬಂದ ದಾರಿಗೇ ತಿರುಗಿದಳು. ಈ ಸಲ ಅವಳೇ ನನ್ನನ್ನು ಎಳೆದುಕೊಂಡು ಹೋದಳು. ಅಂಗಡಿಯ ಹಿರಿಯ ಹಲಗೆ ಹಾಕಿ ಊಟಕ್ಕೆ ಹೊರಟಿದ್ದ. ಮಾತು ಕೇಳಿ ನಕ್ಕ.

"ಏನವಾ ತಂಗಿ, ನೇಕಾರ ಮಂದಿಗೆ ಬಿಸಲಾಗ ನೋಡ್ರಿ ಅಂತ ನಾ ಹೇಳಬೇಕೇನು?"

"ಹುಡುಗಿ ತಪ್ಪಿತ್ರೀ. ಆಮ್ಯಾಲ ನಗೀರಂತ, ಮೊದಲ ಬಾಗಲಾ ತಗೀರಿ," ಎಂದಳು ಆಯಿ.

ಅವನು ಒಳ್ಳೆಯವನು, ತೆಗೆದ. ಎರಡು ಚಪ್ಪರಗಳ ನಡುವೆ ಒಂದು ಮೊಳದಷ್ಟು ಬಿಸಿಲು ಬೀದಿಗೆ ಬಿದ್ದಿತ್ತು. ಆ ಬಿಸಿಲಿನ ಪಟ್ಟಿಯಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಉಳಿದ ಲಡಿಗಳನ್ನೆಲ್ಲ ಒಂದೊಂದಾಗಿ ನೋಡಿದೆ. ಟಾಂಗಾದವನು ನನ್ನ ಮೇಲೆ ಕೂಗಾಡಿಕೊಂಡು ಸುತ್ತು ಹಾಕಿ ಹೋದ. ಎಲ್ಲವೂ ಇನ್ನೂ ದೂರದ ಕೆಂಪು. ಇದ್ದುದರಲ್ಲಿ ಹತ್ತಿರದ್ದು ನಾನು ಕೊಂಡದ್ದೇ. ಅಷ್ಟರಲ್ಲಿ ಮೋಟಾರಿನ ಹಾರ್ನ್ ಕೇಳಿಸಿತು.

ಅದೇ ಲಡಿ ಹಿಡಿದು ಓಡಿ ಹೋಗಿ ಮೋಟಾರು ಹತ್ತಿದೆವು. ಕಡೆಗೆ ತಡೆಯಲಾಗದೆ ಹೇಳಿದೆ. "ಆಯಿ, ಅಪ್ಪನ ಅಳತಿ ತಪ್ಪಿಲ್ಲ. ಒಂದ ಲಡಿ ನಾ ಕೆಡಿಸೇನಿ."

"ಗೊತ್ತೈತಿ."

"ಹೆಂಗ?"

"ಹಿತ್ತಲದಾಗ ಒಣಹಾಕಿದ್ದೆಲ್ಲ. ನನಗ ಬಣ್ಣ ಕಾಣೂದಿಲ್ಲ. ಕೈಗೆ ರೇಷ್ಮಿ ಹತ್ತಿದ್ದು ಗೊತ್ತಾಗತೈತಿ. ನಿಮ್ಮಪ್ಪಗ ನೀನ ಹೇಳ. ನಾ ಹೇಳಾಂಗಿಲ್ಲ."

ಹೆದರಿಕೆಗೆ ನನ್ನ ಕೈ ಸುಮ್ಮನಿರಲಿಲ್ಲ. ಬಳೆಯ ಎಳೆಯನ್ನೂ ಹೊಸ ಲಡಿಯ ಒಂದು ಎಳೆಯನ್ನೂ ಬೆರಳಿಗೆ ಸುತ್ತುತ್ತಿದ್ದೆ, ಬಿಚ್ಚುತ್ತಿದ್ದೆ. ಒಂದು ಸುತ್ತು ಇದು, ಒಂದು ಸುತ್ತು ಅದು. ಕಿಟಕಿಯ ಬಿಸಿಲಿಗೆ ಬೆರಳು ಚಾಚಿದರೆ ಎರಡು ಕೆಂಪು ಕಾಣಲೇ ಇಲ್ಲ. ನಡುವಿನ ಮೂರನೆಯದೊಂದು ಕೆಂಪು ಕಂಡಿತು. ಬೆರಳನ್ನು ಹತ್ತಿರ ತಂದೆ, ದೂರ ಒಯ್ದೆ.

ಮನೆಗೆ ಬಂದು ಅಪ್ಪನ ಮುಂದೆ ಮೊದಲು ಕರಿ ಲಡಿ ಇಟ್ಟೆ, ಆಮೇಲೆ ಕೆಂಪು ಲಡಿ ಇಟ್ಟೆ, ಎಲ್ಲ ಹೇಳಿದೆ. ಅಪ್ಪ ಕರಿ ಲಡಿಯನ್ನು ಎತ್ತಿಕೊಂಡು ಬಹಳ ಹೊತ್ತು ನೋಡಿದ. ಹೊಡೆದಿದ್ದರೆ ಚೆನ್ನಾಗಿತ್ತು.

"ಮೂರು ದಿವಸ ನನ್ನ ಅಳತಿ ಮ್ಯಾಲ ನಾನ ಸಂಶೆ ಪಟ್ನೆಲ್ಲ ಯವ್ವಾ," ಎಂದ. ಅಷ್ಟೇ.

ನಾನು ಬೆರಳು ತೋರಿಸಿದೆ. "ಎರಡ ಲಾಳಿ ಹಿಡೀಬೇಕಪಾ. ಮೊದಲ ಮೂರು ಹಳೇ ಎಳಿ, ಒಂದು ಹೊಸಾದು. ಆಮ್ಯಾಲ ಎರಡು, ಎರಡು. ಆಮ್ಯಾಲ ಒಂದು, ಮೂರು. ಎಲ್ಲಿ ಬದಲಾತು ಅಂತ ಯಾರಿಗೂ ಗೊತ್ತಾಗಬಾರದು."

"ಎರಡ ಕಂಡಿಕಿ ಅಷ್ಟಕ್ಕ ಸಾಲತಾವೇನು?"

"ಗೊತ್ತಿಲ್ಲ."

ದೀಪದ ಬೆಳಕಿನಲ್ಲಿ ಕೆಂಪು ಮುಟ್ಟುವುದಿಲ್ಲ ಎಂದು ಅಪ್ಪ ಮರುದಿನ ಬೆಳಗ್ಗೆ ಕುಣಿಗೆ ಇಳಿದ. ಎರಡು ದಿನ ನಾನು ಮಗ್ಗದ ಪಕ್ಕದಲ್ಲೇ ಕೂತು ಎಳೆ ಎಣಿಸಿ ಹೇಳಿದೆ. ಎಣಿಕೆ ಒಮ್ಮೆ ತಪ್ಪಿದರೂ ಪಟ್ಟಿ ಬೀಳುತ್ತಿತ್ತು. ಸೆರಗು ಮುಗಿದಾಗ ಹಳೆಯ ಕಂಡಿಕೆಯಲ್ಲಿ ಮೊಳದಷ್ಟೇ ನೂಲು ಉಳಿದಿತ್ತು. ಸೀರೆ ಇಳಿಸಿ ಅಂಗಳದ ಬಿಸಿಲಿಗೆ ಹಿಡಿದೆವು. ಅಕ್ಕ ಬಗ್ಗಿ ಬಗ್ಗಿ ನೋಡಿದಳು, ಅವಳಿಗೆ ಏನೂ ಸಿಗಲಿಲ್ಲ. ಅಪ್ಪ ಮಾತ್ರ ಒಂದು ಕಡೆ ಬೆರಳಿಟ್ಟು, "ಇಲ್ಲಿಂದ," ಎಂದು ಮಡಚಿಟ್ಟ.

ಮದುವೆಯಲ್ಲಿ ತಾಳಿ ಕಟ್ಟಿದ್ದನ್ನು ನಾನು ನೋಡಲಿಲ್ಲ. ಸೋದರತ್ತೆಯನ್ನೇ ನೋಡುತ್ತಿದ್ದೆ. ಧಾರೆಯಾದ ಮೇಲೆ ಅವಳು ಅಕ್ಕನ ಸೆರಗು ಹಿಡಿದಳು. ಹಂದರದ ಕೆಳಗೆ ಒಮ್ಮೆ ನೋಡಿದಳು. ಸಾಲದೆ ಅಕ್ಕನನ್ನು ಕೈ ಹಿಡಿದು ಹೊರಗೆ ಬಿಸಿಲಿಗೆ ಕರೆತಂದಳು! ಅವಳೂ ನೇಕಾರರ ಮನೆಯವಳಲ್ಲವೇ. ಬುಡದಿಂದ ತುದಿಯವರೆಗೆ ಹೆಬ್ಬೆರಳು ಆಡಿಸಿದಳು. ನಾನು ಆಯಿಯ ತೋಳು ಗಟ್ಟಿಯಾಗಿ ಹಿಡಿದುಕೊಂಡೆ.

"ತುದಿಗೆ ಹೋದಂಗ ಬೆಳಕ ಹತ್ತಿದಂಗ ಆಗೇತೆಲ್ಲ. ಯಾ ಪ್ಯಾಟ್ಯಾಗ ಸಿಕ್ತರೀ ಈ ಕೆಂಪು? ನಮಗೂ ನಾಲ್ಕ ಲಡಿ ಬೇಕಿತ್ತು."

ಅಕ್ಕ ತಲೆ ಬಗ್ಗಿಸಿಯೇ, "ನಮ್ಮ ತಂಗಿ ಜಮಖಂಡಿಯಿಂದ ತಂದಾಳ್ರಿ," ಎಂದಳು.

ಎಲ್ಲರೂ ನನ್ನ ಕಡೆ ತಿರುಗಿದರು.

"ಅದೊಂದ ಲಡಿನ ಇತ್ತು ಬಿಡ್ರಿ," ಎಂದಳು ಆಯಿ, ಕಾಣದ ಕಣ್ಣನ್ನು ಬಿಸಿಲಿಗೆ ಕಿರಿದು ಮಾಡಿ. "ತೀರಿ ಹೋತು."