ಮಗುವಿಗೆ ಎರೆಯುತ್ತಿದ್ದವರು

ದಟ್ಟಗಳ್ಳಿಯಲ್ಲಿ ಇನ್ನೂ ಖಾಲಿ ಸೈಟುಗಳೇ ಹೆಚ್ಚಿದ್ದ ಕಾಲ. ನನ್ನ ಮಗುವಿಗೆ ಎರೆಯಲು ಬರುತ್ತಿದ್ದ ಹಿರಿಯಾಕೆ, ನೀರು ತೋಡುವ ಮೊದಲು ಅದರ ಪಾದವನ್ನು ಅಂಗೈಯಲ್ಲಿ ಹಿಡಿದು ನೋಡುತ್ತಿದ್ದರು. "ಕೈಗೆ ಗೊತ್ತಾಯ್ತದೆ ಕಣಮ್ಮ" ಅನ್ನುವುದು ಅವರ ಮಾತು.

ಮಗು ಹುಟ್ಟಿದ ಒಂಬತ್ತನೇ ದಿನ ಬೆಳಿಗ್ಗೆ ಅವರು ಎರೆಯಲಿಲ್ಲ. "ಕೂಸು ತಣ್ಣಗದೆ, ಹಾಲೂ ಕುಡೀತಿಲ್ಲ. ಈಗ್ಲೇ ಡಾಕ್ಟ್ರ ತಾವ ನಡೀರಿ" ಎಂದರು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದವಳು. "ಜ್ವರ ಇಲ್ವಲ್ಲ, ಸಂಜೆ ನೋಡೋಣ ಬಿಡಿ" ಎಂದೆ.

"ಜ್ವರ ಬರಕ್ಕೂ ಶಕ್ತಿ ಬೇಕು ಕಣಮ್ಮ" ಎಂದವರೇ ಮಗುವನ್ನು ಎದೆಗವಚಿಕೊಂಡು ಆಟೋ ಹಿಡಿಯಲು ಹೊರಟರು. ನಾನು ಹಿಂದೆ ಓಡಿದೆ.

ರಕ್ತಕ್ಕೆ ಸೋಂಕು ತಗುಲಿತ್ತು. ಮಗು ಉಳಿಯಿತು. "ಸಂಜೆವರೆಗೆ ಕಾದಿದ್ರೆ ಕಷ್ಟವಿತ್ತು. ಯಾರು ಗಮನಿಸಿದ್ದು?" ಎಂದು ಡಾಕ್ಟರ್ ಕೇಳಿದರು.

"ನಾನೇ" ಎಂದುಬಿಟ್ಟೆ.

ಪಕ್ಕದಲ್ಲಿದ್ದ ಹಿರಿಯಾಕೆ ನನ್ನತ್ತ ತಿರುಗಲಿಲ್ಲ. "ಹೌದು ಸಾರ್, ಅಮ್ಮಾವ್ರೇ ನೋಡಿದ್ದು" ಎಂದರು. ಆಗಲೂ ನಾನು ಅಲ್ಲ ಎನ್ನಲಿಲ್ಲ.