ಮಾರಕ್ಕನ ನಾಲ್ಕನೇ ಕ್ಲಿಕ್ಕು

ವಿಮಾನ ನಿಲ್ದಾಣ ಬಂದ ಮೇಲೆ ದೇವನಹಳ್ಳಿ ಸುತ್ತಿನ ಜನಕ್ಕೆ ಒಬ್ಬೊಬ್ಬರಿಗೆ ಒಂದೊಂದು ಹುಚ್ಚು ಹಿಡಿಯಿತು. ಕೆಲವರಿಗೆ ಕಾರು, ಕೆಲವರಿಗೆ ಸೈಟು. ಅಲ್ಲಿನ ಕಾರ್ಗೋ ವಿಭಾಗದಲ್ಲಿ ಕೆಲಸಕ್ಕಿದ್ದ ಗೋವಿಂದರಾಜುವಿಗೆ ಹಿಡಿದದ್ದು ಕ್ಯಾಮೆರಾ. ಜೊತೆಯವನೊಬ್ಬ ಮಾರಿದ ಹಳೆಯ ಕ್ಯಾಮೆರಾ, ಒಂದು ಕಾಲು ಸಡಿಲವಾದ ಸ್ಟ್ಯಾಂಡು, ಇಷ್ಟೇ ಬಂಡವಾಳ. ಎಚ್‌ಡಿಆರ್ ಎಂಬ ವಿದ್ಯೆಯನ್ನು ಯೂಟ್ಯೂಬ್ ನೋಡಿಯೇ ಕಲಿತ. ಒಂದೇ ನೋಟವನ್ನು ಕಪ್ಪಾಗಿ, ಹದವಾಗಿ, ಬೆಳ್ಳಗೆ ಮೂರು ಸಲ ಹೊಡೆದು ಕಂಪ್ಯೂಟರಿನಲ್ಲಿ ಬೆರೆಸಿದರೆ ಬಿಸಿಲೂ ನೆರಳೂ ಎರಡೂ ಕಾಣುತ್ತವೆ. ಮೊದಲು ನಲ್ಲೂರಿನ ಹುಣಸೆತೋಪಿನ ಮೇಲೆ ಕೈ ಇಟ್ಟ.

"ಇದೇನ್ರೀ, ಮರಕ್ಕೆಲ್ಲಾ ಪೇಂಟ್ ಹೊಡ್ದಂಗೈತಲ್ಲಾ!" ಎಂದು ಹೆಂಡತಿ ಕೀರ್ತನ ಬಿದ್ದು ಬಿದ್ದು ನಕ್ಕಳು. ಅವನ ಮುಖ ಸಣ್ಣದಾಯಿತು. ಆದರೆ ಬಿಡಲಿಲ್ಲ.

ಬಿಡದಿರಲು ಕಾರಣ ಅವನ ತಾಯಿ ಮಾರಕ್ಕ. ದೊಡ್ಡಬೆಳವಂಗಲದ ಮನೆಯಲ್ಲಿ ಅವಳದ್ದೊಂದು ನೆಟ್ಟಗಿನ ಫೋಟೋ ಇರಲಿಲ್ಲ. ಮಾರಕ್ಕ ಎಣ್ಣೆಗಪ್ಪು. ಮಗನ ಮದುವೆಯ ಆಲ್ಬಮ್ಮಿನಲ್ಲಿ, ಬೆಳ್ಳಗಿನ ಬೀಗರ ನಡುವೆ, ಅವಳಿದ್ದ ಜಾಗದಲ್ಲಿ ಸೀರೆ, ಮೂಗುತಿ, ಹಲ್ಲು ಬಿಟ್ಟರೆ ಇನ್ನೇನೂ ಇಲ್ಲ. ಆ ಫೋಟೋದವನ ಮೇಲೆ ಗೋವಿಂದರಾಜುವಿಗೆ ಇನ್ನೂ ಸಿಟ್ಟು. ಅವ್ವನ ಮುಖ ಒಮ್ಮೆಯಾದರೂ ಇದ್ದ ಹಾಗೆ ಬರಬೇಕು, ಅದನ್ನು ಅವಳೇ ನೋಡಬೇಕು ಎಂಬ ಹಟ.

"ಈ ಕರಿ ಮೂತಿ ತೆಗೆದು ಏನ್ಮಾಡ್ತೀಯ, ಹೋಗ್ಲಾ" ಎಂದು ಅವಳು ಅಟ್ಟುತ್ತಲೇ ಇದ್ದಳು.

ಅವರೆಕಾಯಿ ಕಾಲದ ಒಂದು ಭಾನುವಾರ ಕೊನೆಗೂ ಒಪ್ಪಿದಳು. ನಡುಮನೆಯ ಕತ್ತಲಲ್ಲಿ, ಬಾಗಿಲ ಬಿಸಿಲಿಗೆ ಓರೆಯಾಗಿ, ತೊಡೆಯ ಮೇಲೆ ಮೊರ ಇಟ್ಟುಕೊಂಡು ಕುಳಿತಳು. ಕ್ಯಾಮೆರಾ ಎರಡು ಸಲ ಕ್ಲಿಕ್ ಎಂದಿತು. ಮೂರನೆಯದಕ್ಕೆ ಸರಿಯಾಗಿ ಅವಳು ಮುಖ ತಿರುಗಿಸಿಬಿಟ್ಟಳು.

"ಯಾಕವ್ವಾ ಅಲ್ಲಾಡ್ದೆ?"

"ಮೂರು ಬ್ಯಾಡ ಕಣಪ್ಪ. ಮೂರು ಜನ ಸೇರಿ ಫೋಟೋ ತೆಗಿಸ್ಕೋಬಾರ್ದು ಅಂತಾರೆ. ನೀನು ಒಬ್ಳನ್ನೇ ಮೂರು ಸಲ ಹೊಡೀತೀಯಲ್ಲ!"

ಕಂಪ್ಯೂಟರು ಮೂರನ್ನೂ ಬೆರೆಸಿ ಅವಳಿಗೆ ಎರಡು ಮೂಗು ದಯಪಾಲಿಸಿತು.

ಮುಂದಿನ ಭಾನುವಾರ ಗೋವಿಂದರಾಜು ಮೊದಲೇ ಮಾತಾಡಿಕೊಂಡ. "ನಾಲ್ಕು ಹೊಡೀತೀನಿ. ಮುಗಿಯೋವರ್ಗೂ ಅಲ್ಲಾಡ್ಬೇಡ."

"ನಾಲ್ಕಾದ್ರೆ ಸರಿ" ಎಂದು ಮಾರಕ್ಕ ಕಲ್ಲಿನಂತೆ ಕುಳಿತಳು. ನಾಲ್ಕನೆಯದು ಬರೀ ಅವಳ ಸಮಾಧಾನಕ್ಕೆ. ಅದನ್ನು ಅವಳಿಗೆ ಹೇಳುವಷ್ಟು ದಡ್ಡನಲ್ಲ ಗೋವಿಂದರಾಜು.

ಮಧ್ಯಾಹ್ನ ಬೆರೆಸಿ ನೋಡಿದರೆ ಕಂಪ್ಯೂಟರು ಅಧಿಕಪ್ರಸಂಗ ಮಾಡಿ ಮುಖವನ್ನೂ ಬೆಳ್ಳಗಾಗಿಸಿತ್ತು. ಅವನು ಒಳಗೆ ಹೋಗಿ ಅವ್ವನನ್ನು ನೋಡಿ ಬರುವುದು, ಸ್ವಲ್ಪ ಬಣ್ಣ ಇಳಿಸುವುದು, ಮತ್ತೆ ನೋಡಿ ಬರುವುದು. ಹೀಗೇ ಮಾಡಿ ಅವಳ ಬಣ್ಣಕ್ಕೇ ತಂದು ನಿಲ್ಲಿಸಿದ. ಹೊರಗಿನ ಬಿಸಿಲು, ಮಸಿ ಹಿಡಿದ ಗೋಡೆ, ಕೆನ್ನೆಯ ಗೆರೆ, ಎಲ್ಲವೂ ಇತ್ತು. ಅವಳನ್ನು ಕರೆದು ಕಂಪ್ಯೂಟರಿನ ಮುಂದೆ ಕೂರಿಸಿದ.

ಕುಂಕುಮ ಇಡುವಷ್ಟೇ ಅಗಲದ ಕನ್ನಡಿಯಲ್ಲೇ ಮುಖ ನೋಡಿಕೊಂಡು ಇಷ್ಟು ವರ್ಷ ಕಳೆದವಳು ಪರದೆಗೆ ತೀರ ಹತ್ತಿರ ಬಾಗಿದಳು.

"ನಮ್ಮವ್ವ ಕಣ್ಲಾ ಇವ್ಳು" ಎಂದಳು ಆಮೇಲೆ. "ನೀನು ಹೊಟ್ಟೇಲಿದ್ದಾಗ ಹೋದ್ಲು. ಒಂದು ಫೋಟೋನೂ ಇರ್ಲಿಲ್ಲ. ಮುಖಾನೇ ಮರ್ತೋಗಿತ್ತು ನಂಗೆ."

ಮಾರಕ್ಕ ಪರದೆಯ ಮೇಲಿನ ಕೆನ್ನೆಯನ್ನು ಬೆರಳಿನಿಂದ ಸವರಿದಳು.

"ಎಷ್ಟು ಲಕ್ಷಣವಾಗಿದ್ಲು ನೋಡು" ಎಂದಳು.